ಹಳೇ ಮೋಟಾರಿಗೆ ಹೊಸ ಬ್ರೇಕು: ಜಪಾನಿನ 205 ಸರಣಿಯ ಲೋಕಲ್ ರೈಲು

ಟೋಕಿಯೊದ ಯಾಮಾನೊತೆ ವರ್ತುಲ ಮಾರ್ಗಕ್ಕೆ 1985ರಲ್ಲಿ 205 ಸರಣಿ ಬಂದಾಗ ಕಣ್ಣಿಗೆ ಬಿದ್ದದ್ದು ಅದರ ಸ್ಟೇನ್‌ಲೆಸ್ ಸ್ಟೀಲ್ ಮೈ. ಅಸಲಿ ಜಾಣತನ ಇದ್ದದ್ದು ಬೋಗಿಯ ಅಡಿಯಲ್ಲಿ.

ಜಪಾನ್ ರಾಷ್ಟ್ರೀಯ ರೈಲ್ವೆ ಆಗ ಸಾಲದಲ್ಲಿ ಮುಳುಗಿತ್ತು. ಬ್ರೇಕ್ ಹಾಕಿದಾಗ ವಿದ್ಯುತ್ತನ್ನು ಮೇಲಿನ ತಂತಿಗೆ ಮರಳಿಸುವ ಕೆಲಸವನ್ನು ಹಿಂದಿನ 201 ಸರಣಿಯ ಥೈರಿಸ್ಟರ್ ಚಾಪರ್ (ಕರೆಂಟನ್ನು ಬಲು ಬೇಗ ಕಡಿದು ಜೋಡಿಸಿ ಹತೋಟಿಯಲ್ಲಿಡುವ ಎಲೆಕ್ಟ್ರಾನಿಕ್ ಸ್ವಿಚ್ಚು) ಚೆನ್ನಾಗಿಯೇ ಮಾಡುತ್ತಿತ್ತು. ಬೆಲೆ ಮಾತ್ರ ವಿಪರೀತ. ಹಾಗಾಗಿ 205ರಲ್ಲಿ ಹಳೇ ಬಗೆಯ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ಸೀರೀಸ್ ಮೋಟಾರನ್ನೇ ಉಳಿಸಿಕೊಂಡರು: ಎರಡು ಬೋಗಿಗಳ ಜೋಡಿಗೆ 120 ಕಿಲೋವ್ಯಾಟಿನ 8 ಮೋಟಾರು. ಹೊರಡುವಾಗ ಕರೆಂಟು ತಡೆಯುವ ರೆಸಿಸ್ಟರುಗಳನ್ನು ಹಂತಹಂತವಾಗಿ ಕಳಚುವುದೂ ಹಳೇ ಕ್ರಮವೇ. ಅಲ್ಲಿ ಶಾಖವಾಗಿ ಹೋದದ್ದು ಹೋಯಿತು.

ಸೀರೀಸ್ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರಿನಲ್ಲೂ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿಯಲ್ಲೂ ಹರಿಯುವುದು ಒಂದೇ ಕರೆಂಟು. ಅದನ್ನು ಜನರೇಟರಾಗಿ ದುಡಿಸಿದರೆ ವೋಲ್ಟೇಜು ಹಿಡಿತಕ್ಕೆ ಸಿಗುವುದಿಲ್ಲ. ಅದಕ್ಕೇ ಫೀಲ್ಡ್ ಸುರುಳಿಗಷ್ಟೇ ಬೇರೆ ಕರೆಂಟು ಕೊಡುವ ಚಿಕ್ಕದೊಂದು ಥೈರಿಸ್ಟರ್ ಘಟಕ ಸೇರಿಸಿದರು. ಆ ಕರೆಂಟು ಏರಿಸಿದರೆ ಮೋಟಾರಿನ ವೋಲ್ಟೇಜು ತಂತಿಯ 1500 ವೋಲ್ಟನ್ನು ಮೀರುತ್ತದೆ, ವಿದ್ಯುತ್ ಹಿಂದಕ್ಕೆ ಹರಿಯುತ್ತದೆ. ವೇಗ ಹೆಚ್ಚಿದ್ದಾಗ ನಾಲ್ಕು ನಾಲ್ಕು ಮೋಟಾರುಗಳ ಎರಡು ಸಾಲು. ವೇಗ ಇಳಿದಂತೆ ನಾಲ್ಕರ ವೋಲ್ಟೇಜಿನ ಮೊತ್ತ ಸಾಲದು. ಆಗ ಎಂಟನ್ನೂ ಒಂದೇ ಸಾಲಿಗೆ ಪೋಣಿಸುತ್ತಾರೆ.

ಇಲ್ಲೊಂದು ತೊಡಕಿದೆ. ಮರಳಿ ಬಂದ ವಿದ್ಯುತ್ತನ್ನು ಬಳಸಲು ಹತ್ತಿರದಲ್ಲಿ ಇನ್ನೊಂದು ರೈಲು ಬೇಕು. ಇಲ್ಲದಿದ್ದರೆ ತಂತಿಯ ವೋಲ್ಟೇಜು ಏರಿ ವಿದ್ಯುತ್ ಬ್ರೇಕು ಕಡಿದುಹೋಗುತ್ತದೆ. ಆ ಕ್ಷಣವೇ ಗಾಳಿ ಬ್ರೇಕು ಹೊಣೆ ಹೊರಬೇಕು. ಮೂರ್ನಾಲ್ಕು ನಿಮಿಷಕ್ಕೊಂದು ರೈಲು ಓಡುವ ಮಾರ್ಗದಲ್ಲಿ ಇದು ಅಪರೂಪ, ಕೊನೇ ರೈಲಿನ ಹೊತ್ತಿಗೆ ಅಷ್ಟು ಅಪರೂಪವಲ್ಲ.

1991ರಿಂದ ಯಾಮಾನೊತೆ ರೈಲುಗಳಿಗೆ ಪ್ರತಿ ಬದಿಗೆ ಆರು ಬಾಗಿಲಿನ ಬೋಗಿಯೂ ಸೇರಿತು. ಬೆಳಗಿನ ನೂಕುನುಗ್ಗಲಿನಲ್ಲಿ ಅದರ ಸೀಟುಗಳನ್ನು ಮಡಚಿ ಬೀಗ ಹಾಕಿಡುತ್ತಿದ್ದರು. ಕೂರುವ ಆಸೆಯಿದ್ದವರು ಪಕ್ಕದ ಬೋಗಿ ಹಿಡಿಯಬೇಕಿತ್ತು.

2005ರಲ್ಲಿ ಯಾಮಾನೊತೆ ಬಿಟ್ಟ ಮೇಲೂ ಇವಕ್ಕೆ ಬೇರೆ ಮಾರ್ಗಗಳಲ್ಲಿ ಕೆಲಸವಿತ್ತು. 2013ರಿಂದ 800ಕ್ಕೂ ಹೆಚ್ಚು ಬೋಗಿಗಳು ಇಂಡೋನೇಷ್ಯಾದ ಜಕಾರ್ತಾಕ್ಕೆ ಹೋದವು. ಅಲ್ಲಿಯೂ 1067 ಮಿಲಿಮೀಟರ್ ಹಳಿ, 1500 ವೋಲ್ಟ್ ಡಿಸಿ. ಮೋಟಾರು ಮುಟ್ಟುವ ಅಗತ್ಯವೇ ಬರಲಿಲ್ಲ. ಕೆಲವು ನಿಲ್ದಾಣಗಳ ಪ್ಲಾಟ್‌ಫಾರ್ಮ್ ತಗ್ಗಾದ್ದರಿಂದ ಬಾಗಿಲ ಕೆಳಗೆ ಮೆಟ್ಟಿಲು ಕೂರಿಸಿದರು, ಕಲ್ಲೆಸೆತಕ್ಕೆ ಮುಂಗಾಜಿನ ಮೇಲೆ ಜಾಲರಿ ಹಾಕಿದರು.

ಟೋಕಿಯೊ ಸುತ್ತಲಿನ ಮುಸಾಶಿನೊ ಮಾರ್ಗದಿಂದ ಜಕಾರ್ತಾಕ್ಕೆ ಹೋದ ಹಲವು ರೈಲುಗಳಲ್ಲಿ ಮಾತ್ರ ಈ ಫೀಲ್ಡ್ ಉಪಾಯ ಇಲ್ಲ. ಜಪಾನಿನಲ್ಲಿರುವಾಗಲೇ ಅವುಗಳಿಗೆ ಇನ್ವರ್ಟರ್ (ಡಿಸಿಯನ್ನು ಎಸಿಯಾಗಿಸುವ ಸಾಧನ) ಮತ್ತು ಎಸಿಯಲ್ಲಿ ಓಡುವ ಇಂಡಕ್ಷನ್ ಮೋಟಾರು ಹಾಕಿದ್ದರು. ಹಳೇ ಮೋಟಾರಾದರೆ ಏರುದಾರಿಗೆ 8 ಬೋಗಿಗಳಲ್ಲಿ 6ಕ್ಕೆ ಮೋಟಾರು ಬೇಕಿತ್ತು. ಇನ್ವರ್ಟರಿನಿಂದ 4 ಸಾಕಾಯಿತು.