ಹತ್ತು ಸಾವಿರ ಕೋಟಿ ಇದೆ, ನಮಗೆಷ್ಟು?

"ಸಾರ್, ಸೆಂಟ್ರಲ್ ಗವರ್ನಮೆಂಟು 10 ಸಾವಿರ ಕೋಟಿ ಇಟ್ಟಿದೆಯಂತೆ. ನಮಗೊಂದು 50 ಲಕ್ಷ ಮಾಡಿಸಿಕೊಡಿ."

ಪ್ರತಿ ಬಜೆಟ್ ಆದಮೇಲೂ ನನ್ನ ಆಡಿಟ್ ಆಫೀಸಿಗೆ ಹೀಗೆ ಕೇಳಿಕೊಂಡು ಯಾರಾದರೂ ಬರುತ್ತಾರೆ. ಈ ಸಲ ಬಂದವರು ಪಂಪಿನ ಬಿಡಿಭಾಗ ಮಾಡುವವರು. ಎರಡು ಲೇತ್, ಆರು ಜನ ಕೆಲಸದವರು.

ದುಡ್ಡು ಇರುವುದು ನಿಜ. 2016ರಲ್ಲಿ ಸ್ಟಾರ್ಟಪ್‌ಗಳಿಗೆಂದು 10,000 ಕೋಟಿ ರೂಪಾಯಿಯ ನಿಧಿ ಶುರುವಾಯಿತು. ಅದನ್ನು ನೋಡಿಕೊಳ್ಳುವುದು ಸಿಡ್ಬಿ, ಅಂದರೆ ಸಣ್ಣ ಉದ್ಯಮಗಳಿಗಾಗಿ ಇರುವ ಅಭಿವೃದ್ಧಿ ಬ್ಯಾಂಕು. ಸಣ್ಣ ಉದ್ಯಮಗಳಿಗೆ ಸೆಲ್ಫ್ ರಿಲಯಂಟ್ ಇಂಡಿಯಾ ಫಂಡ್ ಬೇರೆ ಇದೆ. ಅದರಲ್ಲೂ ಸರ್ಕಾರದ್ದು 10,000 ಕೋಟಿ. ಖಾಸಗಿಯವರಿಂದ 40,000 ಕೋಟಿ ಬರಬೇಕು ಅನ್ನುವುದು ಲೆಕ್ಕ.

ಆದರೆ ಈ ಎರಡರಿಂದಲೂ ಉದ್ಯಮಿಯ ಖಾತೆಗೆ ನೇರವಾಗಿ ಒಂದು ಪೈಸೆ ಬರುವುದಿಲ್ಲ. ಹಣ ಮೊದಲು ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ ಖಾಸಗಿ ಫಂಡ್‌ಗಳಿಗೆ, ಅಂದರೆ ಹಲವರ ದುಡ್ಡು ಸೇರಿಸಿ ಕಂಪನಿಗಳಲ್ಲಿ ಹೂಡುವವರಿಗೆ ಹೋಗುತ್ತದೆ. ಸಿಡ್ಬಿಯಿಂದ ಹಣ ಪಡೆದ ಫಂಡು ಆ ಮೊತ್ತದ ಎರಡು ಪಟ್ಟನ್ನಾದರೂ ಸ್ಟಾರ್ಟಪ್‌ಗಳಿಗೆ ಹಾಕಲೇಬೇಕು. ಯಾವ ಕಂಪನಿಗೆ ಅನ್ನುವುದು ಫಂಡ್ ಮ್ಯಾನೇಜರ್ ತೀರ್ಮಾನ. ಹಾಗಾಗಿ "ಡೆಲ್ಲಿಯಲ್ಲಿ ಫೈಲ್ ಮೂವ್ ಮಾಡಿಸ್ತೀನಿ" ಅಂತ ಕಮಿಷನ್ ಕೇಳುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ.

ಇನ್ನೊಂದು ವಿಷಯ ಹೇಳಿದಾಗ ಪಂಪಿನವರು ಕಾಫಿ ಲೋಟ ಕೆಳಗಿಟ್ಟರು. ಇದು ಸಾಲವೂ ಅಲ್ಲ, ಸಬ್ಸಿಡಿಯೂ ಅಲ್ಲ. ಹೆಚ್ಚಾಗಿ ಷೇರು ಬಂಡವಾಳ. 8 ಕೋಟಿ ಬೆಲೆ ಕಟ್ಟಿದ ಕಂಪನಿಗೆ ಫಂಡು 2 ಕೋಟಿ ಹಾಕಿದರೆ ಒಟ್ಟು 10 ಕೋಟಿ ಆಯಿತು, ಐದರಲ್ಲಿ ಒಂದು ಪಾಲು ಫಂಡಿನದ್ದು. ಮಾಲೀಕ ಒಬ್ಬನೇ ಇರುವ ಪ್ರೊಪ್ರೈಟರಿ ಅಂಗಡಿಗೆ ಷೇರೇ ಇರುವುದಿಲ್ಲ, ಮೊದಲು ಪ್ರೈವೇಟ್ ಲಿಮಿಟೆಡ್ ಆಗಬೇಕು. ಸಾಲ ಕೊಟ್ಟವರು ಕಂತು ಮುಗಿದರೆ ಹೋಗುತ್ತಾರೆ. ಫಂಡಿನವರು ಮನೆ ಅಳಿಯನ ಹಾಗೆ: ಮಷೀನ್ ಕೊಳ್ಳುವಾಗಲೂ ಕೇಳಬೇಕು, ತಮ್ಮನಿಗೆ ಸಂಬಳ ಕೊಡುವಾಗಲೂ ಕೇಳಬೇಕು. ಕೆಲವು ವರ್ಷಕ್ಕೆ ಪಾಲು ಮಾರಿ, ಹಾಕಿದ್ದಕ್ಕಿಂತ ಹಲವು ಪಟ್ಟು ತೆಗೆದುಕೊಂಡು ಹೊರಡುವುದೇ ಅವರ ಕಸುಬು.

ವರ್ಷಕ್ಕೆ 12 ಲಕ್ಷ ಉಳಿಸುವ ವರ್ಕ್‌ಶಾಪ್ ಒಳ್ಳೆಯ ವ್ಯಾಪಾರವೇ, ಅನುಮಾನ ಬೇಡ. ಆದರೆ ಅಷ್ಟು ಬೇಗ ಬೆಳೆಯದ ವ್ಯಾಪಾರವನ್ನು ಫಂಡು ತಿರುಗಿಯೂ ನೋಡುವುದಿಲ್ಲ. ಹೊಸ ತಂತ್ರಜ್ಞಾನದ ಸ್ಟಾರ್ಟಪ್ ಆಗಿದ್ದರೆ ನಮ್ಮ ರಾಜ್ಯದ ಎಲಿವೇಟ್ ಯೋಜನೆಗೆ ಅರ್ಜಿ ಹಾಕಿ ಅನ್ನುತ್ತಿದ್ದೆ. ಅಲ್ಲಿ 50 ಲಕ್ಷದವರೆಗೆ ಅನುದಾನವಿದೆ, ಪಾಲು ಕೇಳುವುದಿಲ್ಲ.

ಇವರಿಗೆ ಬೇಕಿದ್ದದ್ದು ಕಂಪ್ಯೂಟರಿನಿಂದ ನಡೆಯುವ ಒಂದು ಸಿಎನ್‌ಸಿ ಮಷೀನು ಅಷ್ಟೇ. ಅದಕ್ಕೆ 2000ದಿಂದಲೂ ಸಿಜಿಟಿಎಂಎಸ್‌ಇ ಗ್ಯಾರಂಟಿ ಇದೆ, ಅಂದರೆ ಸಣ್ಣ ಉದ್ಯಮದ ಸಾಲಕ್ಕೆ ಸರ್ಕಾರದ ಟ್ರಸ್ಟ್ ನಿಲ್ಲುವ ಜಾಮೀನು. ಸೈಟು, ಮನೆ ಅಡ ಇಡದೆ ಬ್ಯಾಂಕ್ ಸಾಲ ಸಿಗಬಹುದು. ಗ್ಯಾರಂಟಿಯ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿ. ಆದರೆ ಆ ಗ್ಯಾರಂಟಿ ಬ್ಯಾಂಕಿಗೆ, ನಮಗಲ್ಲ. ಸಾಲ ನಾವೇ ತೀರಿಸಬೇಕು, ಜೊತೆಗೆ ಶುಲ್ಕವೂ ಉಂಟು.

"ಹಾಗಾದ್ರೆ ನಾಳೆನೇ ಬ್ಯಾಂಕಿಗೆ ಹೋಗೋಣ್ವಾ ಸಾರ್?" ಅಂದರು. ಫೈಲ್ ತೆರೆದು ನೋಡಿದೆ. ಎರಡು ತಿಂಗಳ ಜಿಎಸ್‌ಟಿ ರಿಟರ್ನ್ ಬಾಕಿ. ಮೊದಲು ಬಿಲ್ ಬುಕ್ ತನ್ನಿ ಅಂತ ಕಳಿಸಿದೆ.