ಪೈಲಟ್ ಕಣ್ಣಿನ ಪ್ಲಾಸ್ಟಿಕ್ ಚೂರು ಮತ್ತು ನಮ್ಮ ಪೊರೆ ಆಪರೇಷನ್

1940ರ ಆಗಸ್ಟ್ 15. ದಕ್ಷಿಣ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನ್ ವಿಮಾನಗಳ ಜೊತೆ ಕಾದಾಟ ನಡೆದಿತ್ತು. ಗಾರ್ಡನ್ ಕ್ಲೀವರ್ ಎಂಬ ಪೈಲಟ್ ಹಾರಿಸುತ್ತಿದ್ದ ಹರಿಕೇನ್ ವಿಮಾನಕ್ಕೆ ಗುಂಡು ಬಡಿಯಿತು. ತಲೆ ಮೇಲಿನ ಪಾರದರ್ಶಕ ಮುಚ್ಚಳ ಪುಡಿಯಾಯಿತು. ಅವತ್ತು ಅವರು ಗಾಗಲ್ಸ್ ಹಾಕಿರಲಿಲ್ಲ. ಚೂರುಗಳು ಎರಡೂ ಕಣ್ಣಿಗೆ ಹೊಕ್ಕವು. ಕಣ್ಣು ಕಾಣದೆಯೇ ಅವರು ವಿಮಾನದಿಂದ ಹೊರಕ್ಕೆ ಜಿಗಿದು ಪ್ಯಾರಾಚೂಟ್‌ನಲ್ಲಿ ಇಳಿದರು.

ಕ್ಲೀವರ್ ಇದ್ದದ್ದು ಬ್ರಿಟನ್ನಿನ ಆಕ್ಸಿಲಿಯರಿ ಏರ್ ಫೋರ್ಸ್‌ನ 601ನೇ ಸ್ಕ್ವಾಡ್ರನ್‌ನಲ್ಲಿ. 1925ರಲ್ಲಿ ಶುರುವಾದ ಪಡೆ ಅದು. ವಾರವೆಲ್ಲ ತಮ್ಮ ತಮ್ಮ ಕೆಲಸ, ಶನಿವಾರ ಭಾನುವಾರ ವಿಮಾನ. ಸಿರಿವಂತ ಹುಡುಗರೇ ಜಾಸ್ತಿ ಇದ್ದದ್ದರಿಂದ ಜನ ಅದನ್ನು ಮಿಲಿಯನೇರ್ ಸ್ಕ್ವಾಡ್ರನ್ ಎಂದು ಕರೆದರು. ಕ್ಲೀವರ್ ಕೂಡ 1931ರಲ್ಲಿ ಆಸ್ಟ್ರಿಯಾದ ಮೊದಲ ಹಾನೆನ್‌ಕಾಮ್ ಸ್ಕೀ ಸ್ಪರ್ಧೆಯಲ್ಲಿ ಪ್ರಶಸ್ತಿ ಗೆದ್ದವರು. ಆದರೆ ಯುದ್ಧ ಬಂದಾಗ ಈ ಹುಡುಗರು ಶೋಕಿಗೆ ಹಾರಲಿಲ್ಲ. 1940ರ ಆ ಬೇಸಿಗೆಯಲ್ಲಿ ಎಷ್ಟೋ ಜನ ವಾಪಸ್ ಬರಲಿಲ್ಲ.

ಕ್ಲೀವರ್ ಅವರ ಮುಖಕ್ಕೂ ಕಣ್ಣಿಗೂ 18 ಆಪರೇಷನ್ ಆದವು. ಒಂದು ಕಣ್ಣು ಹೋಯಿತು, ಇನ್ನೊಂದು ಉಳಿಯಿತು. ಹೀಗೆ ಗಾಯಗೊಂಡ ಪೈಲಟ್‌ಗಳ ಕಣ್ಣು ನೋಡುತ್ತಿದ್ದವರಲ್ಲಿ ಲಂಡನ್ನಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ ಒಬ್ಬರು. ಕಣ್ಣೊಳಗೆ ಕಬ್ಬಿಣದ ಚೂರು ಉಳಿದರೆ ತುಕ್ಕು ಹಿಡಿದು ರೆಟಿನಾಗೆ ವಿಷವಾಗುತ್ತದೆ. ತಾಮ್ರವಾದರೆ ಕಣ್ಣು ಉರಿಯೂತದಿಂದ ಕೆಡುತ್ತದೆ. ಆದರೆ ವಿಮಾನದ ಮುಚ್ಚಳದ ಚೂರುಗಳು ತಿಂಗಳು, ವರ್ಷ ಕಳೆದರೂ ಕಣ್ಣೊಳಗೆ ತೆಪ್ಪಗೆ ಕೂತಿದ್ದವು. ಚೂಪಾದ ಅಂಚು ಎಲ್ಲಾದರೂ ತಗುಲಿದರೆ ಮಾತ್ರ ತೊಂದರೆ. ಆ ಮುಚ್ಚಳ ಪರ್ಸ್ಪೆಕ್ಸ್ ಎಂಬ ಅಕ್ರಿಲಿಕ್ ಪ್ಲಾಸ್ಟಿಕ್ಕಿನದು. ಅದು ತುಕ್ಕು ಹಿಡಿಯುವುದಿಲ್ಲ, ಕರಗುವುದಿಲ್ಲ, ದೇಹ ಅದರ ತಂಟೆಗೆ ಹೋಗುವುದಿಲ್ಲ. ರೋಗಿಗೆ ಏನಾಯಿತು ಎಂದು ಎಲ್ಲ ಡಾಕ್ಟರೂ ನೋಡುತ್ತಾರೆ. ಏನು ಆಗಲಿಲ್ಲ ಎಂಬುದನ್ನು ರಿಡ್ಲಿ ಗಮನಿಸಿದರು. ನನಗೆ ಈ ಕತೆಯಲ್ಲಿ ಅತಿ ದೊಡ್ಡದೆನಿಸುವುದು ಇದೇ.

ಪೊರೆ ಎಂದರೆ ಕಣ್ಣೊಳಗಿನ ಲೆನ್ಸ್ ಮಂಜು ಹಿಡಿದ ಗಾಜಿನಂತಾಗುವುದು. ಆಗೆಲ್ಲ ಅದನ್ನು ತೆಗೆದು ಸುಮ್ನೆ ಬಿಡುತ್ತಿದ್ದರು. ಒಮ್ಮೆ ಆಪರೇಷನ್ ನೋಡುತ್ತಿದ್ದ ವಿದ್ಯಾರ್ಥಿಯೊಬ್ಬ, ತೆಗೆದ ಜಾಗಕ್ಕೆ ಬೇರೆ ಲೆನ್ಸ್ ಯಾಕೆ ಹಾಕಬಾರದು ಎಂದು ರಿಡ್ಲಿ ಅವರನ್ನು ಕೇಳಿದನಂತೆ. ಯಾವುದರಿಂದ ಮಾಡಬೇಕು ಎಂಬುದಕ್ಕೆ ಪೈಲಟ್‌ಗಳ ಕಣ್ಣಲ್ಲೇ ಉತ್ತರವಿತ್ತು. ರೇನರ್ ಕಂಪನಿ ಶುದ್ಧ ಪರ್ಸ್ಪೆಕ್ಸ್‌ನಿಂದ ಲೆನ್ಸ್ ಮಾಡಿಕೊಟ್ಟಿತು. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಪ್ರಯತ್ನ ಶುರುವಾಯಿತು.

ಲೆಕ್ಕ ತಪ್ಪಿತ್ತು. ಆಕಾರ ನಮ್ಮ ಲೆನ್ಸಿನದೇ, ಆದರೆ ಪ್ಲಾಸ್ಟಿಕ್ ಬೆಳಕನ್ನು ಹೆಚ್ಚು ಬಗ್ಗಿಸುತ್ತದೆ. ರೋಗಿಗೆ ಸುಮಾರು ಮೈನಸ್ 18 ಪವರ್ ಬಂತು! ಮುಂದಿನ ಲೆನ್ಸುಗಳಲ್ಲಿ ಇದನ್ನು ಸರಿಪಡಿಸಿದರು. ಆದರೆ ಭಾರಕ್ಕೆ ಕೆಲವು ಲೆನ್ಸ್ ಜಾರಿದವು, ಕೆಲವು ಕಣ್ಣು ಊದಿದವು. 1951ರಲ್ಲಿ ರಿಡ್ಲಿ ತಮ್ಮ ಕೆಲಸವನ್ನು ಮುಂದಿಟ್ಟಾಗ ದೊಡ್ಡ ದೊಡ್ಡ ಕಣ್ಣಿನ ಡಾಕ್ಟರುಗಳು ಮುಖ ತಿರುಗಿಸಿದರು. ಕಣ್ಣಿಗೆ ಬಿದ್ದ ಕಸ ತೆಗೆಯುವುದೇ ಕಸುಬಾದವರಿಗೆ, ಬೇಕಂತಲೇ ಒಳಗೆ ಏನಾದರೂ ಇಡುವುದು ಒಪ್ಪಿಗೆಯಾದೀತೇ? ಹಲವು ದಶಕ ಹಿಡಿಯಿತು. ರಿಡ್ಲಿಗೆ ಸರ್ ಪದವಿ ಸಿಕ್ಕಿದ್ದು 2000ದಲ್ಲಿ. ಕ್ಲೀವರ್ ಅವರ ಉಳಿದ ಕಣ್ಣಿಗೂ ಮುಪ್ಪಿನಲ್ಲಿ ಪೊರೆ ಬಂತು. 1987ರಲ್ಲಿ ಅದಕ್ಕೆ ಪ್ಲಾಸ್ಟಿಕ್ ಲೆನ್ಸ್ ಹಾಕಿದರು.

ಲೆನ್ಸ್ ಇಲ್ಲದ ಕಾಲ ಹೇಗಿತ್ತೆಂದು ನಮ್ಮ ಹಿರಿಯರಿಗೆ ಗೊತ್ತು. ಬೀಳಗಿಯ ಡಾ. ಎಂ. ಸಿ. ಮೋದಿ ಊರೂರು ಸುತ್ತಿ ಕ್ಯಾಂಪ್ ಮಾಡಿ ಲಕ್ಷಾಂತರ ಜನರಿಗೆ ಕಣ್ಣು ಕೊಟ್ಟರು. ಅದು ಸಣ್ಣ ಉಪಕಾರವಲ್ಲ. ಆದರೆ ಆಪರೇಷನ್ ಆದ ಮೇಲೆ ಸೋಡಾಬುಡ್ಡಿ ಕನ್ನಡಕ ತಪ್ಪುತ್ತಿರಲಿಲ್ಲ. ಪ್ಲಸ್ 10ರ ಆಸುಪಾಸಿನ ಪವರ್. ಎಲ್ಲವೂ ಕಾಲು ಭಾಗ ದೊಡ್ಡದಾಗಿ ಕಾಣುತ್ತದೆ, ಪಕ್ಕದ್ದು ಕಾಣುವುದೇ ಇಲ್ಲ. ಮೆಟ್ಟಿಲು ಇಳಿಯಬೇಕಾದರೆ ಹೆಜ್ಜೆ ಎಲ್ಲಿಡಬೇಕೆಂದೇ ತಿಳಿಯದು. ಒಂದೇ ಕಣ್ಣಿಗೆ ಆಪರೇಷನ್ ಆಗಿದ್ದರೆ ಎರಡು ಅಳತೆಯ ಎರಡು ಚಿತ್ರ. ಮಿದುಳು ಅವನ್ನು ಜೋಡಿಸಲಾರದು. ಕನ್ನಡಕ ಒಡೆದರೆ ಮತ್ತೆ ಕತ್ತಲೆ.

ಲೆನ್ಸ್ ಒಳಗೇ ಇದ್ದರೆ ಈ ಯಾವ ಗೋಳೂ ಇಲ್ಲ. ಆದರೆ ವಿದೇಶದ ಲೆನ್ಸ್ ಬಡವರ ಕೈಗೆ ಎಟುಕುತ್ತಿರಲಿಲ್ಲ. 1992ರಲ್ಲಿ ಮದುರೆಯ ಅರವಿಂದ್ ಕಣ್ಣಿನ ಆಸ್ಪತ್ರೆಯವರು ಆರೋಲ್ಯಾಬ್ ಶುರುಮಾಡಿ, ಅದೇ ಅಕ್ರಿಲಿಕ್ಕಿನ ಲೆನ್ಸನ್ನು ಆಮದು ಬೆಲೆಯ ಸಣ್ಣದೊಂದು ಪಾಲಿಗೆ ತಯಾರಿಸತೊಡಗಿದರು. ಆಮೇಲೆ ಕ್ಯಾಂಪಿಗೆ ಬಂದ ಬಡವರಿಗೂ ಲೆನ್ಸ್ ಸಿಗುವಂತಾಯಿತು.