ಸಿಮೆಂಟಿನಲ್ಲಿ ಫ್ಯಾಷನ್ ಕೂರಿಸಬೇಡಿ

ಹೋದ ತಿಂಗಳು ಹಾಸನದ ವಿದ್ಯಾನಗರದಲ್ಲಿ ಒಂದು ಬಾತ್‌ರೂಮ್ ಒಡೆಸಿದೆ. ಗೋಡೆಯೊಳಗಿನ ಪೈಪ್ ಸೋರಿ ಪಕ್ಕದ ರೂಮಿನ ಬಣ್ಣ ಉಬ್ಬಿಕೊಂಡಿತ್ತು. ಒಡೆಯಬೇಕಾಗಿದ್ದದ್ದು ಬರೀ ಎರಡಡಿ ಜಾಗ. ಆದರೆ ಆ ಎರಡಡಿಯಲ್ಲೇ ಡಾಲ್ಫಿನ್ ಇತ್ತು.

ನಿಮಗೂ ನೆನಪಿರಬಹುದು. ನೀಲಿ ಸಮುದ್ರ, ಮೇಲಕ್ಕೆ ನೆಗೆಯುವ ಎರಡು ಡಾಲ್ಫಿನ್, ಆರು ಟೈಲ್ ಸೇರಿದರೆ ಒಂದು ಚಿತ್ರ. ಹದಿನೈದು ವರ್ಷದ ಹಿಂದೆ ನಮ್ಮ ಕಡೆ ಎಷ್ಟು ಮನೆಗೆ ಅದನ್ನು ಹಾಕಿಸಿದೆವೋ ಲೆಕ್ಕವಿಲ್ಲ. ಈ ಮನೆಯ ಮಗಳು ಆಗ ಮೂರನೇ ಕ್ಲಾಸ್. ಅಂಗಡಿಯಲ್ಲಿ ಬೆರಳು ತೋರಿಸಿ ಆರಿಸಿದ್ದು ಅವಳೇ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹುಡುಗ ಉಳಿ ಇಟ್ಟು ಸುತ್ತಿಗೆ ಎತ್ತಿದಾಗ ಅವಳ ತಾಯಿ ಬಾಗಿಲಲ್ಲಿ ನಿಂತು, "ಆ ಒಂದು ಮೀನನ್ನಾದ್ರೂ ಉಳಿಸೋಕಾಗುತ್ತಾ ನೋಡಪ್ಪಾ" ಅಂದರು. ಆಗಲಿಲ್ಲ. ಹಳೇ ಸಿಮೆಂಟ್ ಕಚ್ಚಿಕೊಂಡಿತ್ತು, ಒಂದು ಟೈಲೂ ಇಡಿಯಾಗಿ ಬರಲಿಲ್ಲ. ಮೂಲೆಗೆ ಬಾಲದ ಚೂರು, ಬಕೆಟ್ ಹತ್ತಿರ ಕಣ್ಣಿನ ಚೂರು. ಅದೇ ಟೈಲ್‌ಗೆ ಹಾಸನ, ಅರಸೀಕೆರೆ ಎರಡೂ ಕಡೆ ಹುಡುಕಿಸಿದೆ. ಸಿಗಲಿಲ್ಲ. ಎರಡಡಿ ಕೆಲಸಕ್ಕೆ ಇಡೀ ಬಾತ್‌ರೂಮ್ ಹೊಸದಾಗಿ ಮಾಡಬೇಕಾಯಿತು.

ಇಪ್ಪತ್ತೆರಡು ವರ್ಷದಿಂದ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಟೈಲ್ಸ್ ಆರಿಸುವ ದಿನ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಸರ್, ಈಗ ಯಾವುದು ನಡೀತಿದೆ?"

ದಯವಿಟ್ಟು ಹಾಗೆ ಕೇಳಬೇಡಿ. ಈಗ ಯಾವುದು ಜೋರಾಗಿ ನಡೆಯುತ್ತಿದೆಯೋ ಅದೇ ಮುಂದೆ ಮನೆಯ ವಯಸ್ಸು ಹೇಳುತ್ತದೆ. ಗುಲಾಬಿ ಬಣ್ಣದ ಕಮೋಡು, ಅದಕ್ಕೆ ಜೋಡಿ ಬೇಸಿನ್ ಕಂಡರೆ ಆ ಮನೆ ಯಾವ ಕಾಲದ್ದು ಅಂತ ನಾನು ಗೇಟಿನಲ್ಲೇ ಹೇಳಬಲ್ಲೆ. ಆಮೇಲೆ ಕೆಳಗೆ ಗಾಢ ಬಣ್ಣ, ಮೇಲೆ ತಿಳಿ ಬಣ್ಣ, ನಡುವೆ ಹೂಬಳ್ಳಿಯ ಪಟ್ಟಿ ಬಂತು. ಆಮೇಲೆ ಹೈಲೈಟರ್: ನಾಲ್ಕು ಸಾದಾ ಟೈಲ್‌ಗೆ ಒಂದು ಚಿತ್ರದ ಟೈಲ್. ಈಗ ಬೂದು ಸಿಮೆಂಟಿನ ಥರದ ಗೋಡೆ, ಜೇನುಗೂಡಿನ ಆಕಾರದ ಟೈಲ್, ಕಪ್ಪು ನಲ್ಲಿ. ಒಂದೊಂದೂ ಬಂದಾಗ ಚೆನ್ನಾಗಿಯೇ ಇತ್ತು. ಆರಿಸಿದವರಿಗೆ ರುಚಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ.

ನಾನು ಹೇಳುವುದು ಒಂದೇ ಮಾತು. ಬಾತ್‌ರೂಮಿನಲ್ಲಿ ಇರುವ ಸಾಮಾನು ಎರಡೇ ಥರ. ಸಿಮೆಂಟಿನಲ್ಲಿ ಕೂತಿರುವುದು ಒಂದು, ಸ್ಕ್ರೂ ಮೇಲೆ ನಿಂತಿರುವುದು ಇನ್ನೊಂದು. ಫ್ಯಾಷನ್ ಬೇಕಾದರೆ ಸ್ಕ್ರೂ ಮೇಲೆ ಇರಲಿ. ಸಿಮೆಂಟಿನಲ್ಲಿ ಕೂರುವುದು ಸಾದಾ ಇರಲಿ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅಂಗಡಿಗೆ ಹೋಗಿ ಹೈಲೈಟರ್ ಆರಿಸಿಕೊಂಡು ಬರುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಕನ್ನಡಿ ಬೇಜಾರಾಯಿತು ಅಂದುಕೊಳ್ಳಿ. ಎರಡು ಸ್ಕ್ರೂ ಬಿಚ್ಚಿ ಬೇರೆ ಹಾಕಿದರೆ ಅರ್ಧ ಗಂಟೆಯ ಕೆಲಸ. ದೀಪ, ಟವಲ್ ರಾಡ್, ಬೇಸಿನ್ ಕೆಳಗಿನ ಕಪಾಟು, ಹೊರಗೆ ಕಾಣುವ ನಲ್ಲಿ, ಶವರ್, ಇವೆಲ್ಲ ಒಂದು ದಿನದೊಳಗೆ ಬದಲಾಗುತ್ತವೆ. ಬೇಕಾದರೆ ಚಿನ್ನದ ಬಣ್ಣದ್ದು ಹಾಕಿ, ಬೇಕಾದರೆ ಕಪ್ಪು ಹಾಕಿ. ನಾನು ಬೇಡ ಅನ್ನುವುದಿಲ್ಲ.

ಅದೇ ಟೈಲ್ ಬೇಜಾರಾದರೆ? ಮೊದಲು ಕಮೋಡು, ಬೇಸಿನ್, ಗೀಸರ್ ಎಲ್ಲ ಬಿಚ್ಚಬೇಕು. ಉಳಿಯಲ್ಲಿ ಒಡೆಯಬೇಕು. ಆ ಧೂಳು ದೇವರ ಮನೆವರೆಗೂ ಹೋಗುತ್ತದೆ. ಒಡೆಯುವಾಗ ಕೆಳಗಿನ ವಾಟರ್‌ಪ್ರೂಫಿಂಗ್ ಕಿತ್ತುಹೋಗುತ್ತದೆ, ಅದನ್ನು ಮತ್ತೆ ಮಾಡಬೇಕು. ನೀರು ಕಟ್ಟಿ ಒಂದೆರಡು ದಿನ ಸೋರುತ್ತದಾ ಅಂತ ನೋಡಬೇಕು. ಆಮೇಲೆ ಟೈಲ್, ಆಮೇಲೆ ಟೈಲ್‌ಗಳ ನಡುವಿನ ಸಂದು ತುಂಬುವ ಜಾಯಿಂಟ್. ಇದೆಲ್ಲ ಮುಗಿಯೋವರೆಗೆ ಮನೆಯವರು ಸ್ನಾನಕ್ಕೆ ಪಕ್ಕದ ಮನೆಗೆ ಹೋಗಬೇಕು. ಒಂದು ಚಿತ್ರದ ಟೈಲ್ ಹಳೇದಾಯಿತು ಅಂತ ಯಾರೂ ಇಷ್ಟು ಕಷ್ಟಪಡುವುದಿಲ್ಲ. ಇಷ್ಟವಿಲ್ಲದಿದ್ದರೂ ಇಪ್ಪತ್ತು ವರ್ಷ ಅದನ್ನೇ ನೋಡಿಕೊಂಡು ಸ್ನಾನ ಮಾಡುತ್ತಾರೆ. ನಮ್ಮ ಅಜ್ಜಿ ಭಾಷೆಯಲ್ಲಿ ಹೇಳುವುದಾದರೆ ನಲ್ಲಿ ಸೀರೆ ಇದ್ದ ಹಾಗೆ, ಟೈಲ್ ಹಚ್ಚೆ ಇದ್ದ ಹಾಗೆ. ಸೀರೆ ಆರಿಸುವ ಹಾಗೆ ಹಚ್ಚೆ ಆರಿಸೋಕಾಗುತ್ತಾ?

ಗೋಡೆಯೊಳಗೆ ಹೋಗುವ ಡೈವರ್ಟರ್ (ನೀರನ್ನು ನಲ್ಲಿಗೋ ಶವರ್‌ಗೋ ತಿರುಗಿಸುವ ಭಾಗ) ಕೂಡ ಸಿಮೆಂಟಿನ ಲೆಕ್ಕಕ್ಕೇ ಬರುತ್ತದೆ, ನೆನಪಿರಲಿ. ಹೊರಗೆ ಕಾಣುವ ತಟ್ಟೆ, ಹಿಡಿ ಮಾತ್ರ ಸ್ಕ್ರೂದು. ಒಳಗಿನ ಬಾಡಿ ಒಂದೊಂದು ಕಂಪನಿಯದು ಒಂದೊಂದು ಅಳತೆ. ಹತ್ತು ವರ್ಷದ ಮೇಲೆ ಆ ಮಾಡೆಲ್ ನಿಂತುಹೋಗಿದ್ದರೆ ಹೊರಗಿನ ಹಿಡಿ ಬದಲಾಯಿಸಲು ಗೋಡೆ ಒಡೆಯಬೇಕಾದ ಸಂದರ್ಭ ಬರಬಹುದು. ಅಲಂಕಾರದ ಮಾಡೆಲ್‌ಗಿಂತ, ಬಿಡಿಭಾಗ ನಮ್ಮ ಊರಿನಲ್ಲೇ ಸಿಗುವ ಸಾದಾ ಮಾಡೆಲ್ ಒಳ್ಳೆಯದು. ಟೈಲ್ ಅಂಟಿಸುವ ಮುಂಚೆ ಪೈಪ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಅಳತೆ ಟೇಪು ಹಿಡಿದು.

ಸಾದಾ ಅಂದ ಕೂಡಲೇ ಬರುವ ಉತ್ತರ ನನಗೆ ಬಾಯಿಪಾಠ. "ಆಸ್ಪತ್ರೆ ಥರ ಆಗುತ್ತೆ ಸರ್."

ಆಗುವುದಿಲ್ಲ. ನ್ಯೂಯಾರ್ಕಿನ ಸಬ್‌ವೇ ರೈಲು ಶುರುವಾಗಿದ್ದು 1904ರಲ್ಲಿ. ಅದರ ಸ್ಟೇಷನ್ ಗೋಡೆಗೆ ಹಾಕಿದ್ದು 3 ಇಂಚು ಅಗಲ, 6 ಇಂಚು ಉದ್ದದ ಬಿಳಿ ಟೈಲ್. ಇವತ್ತಿಗೂ ಅಂಗಡಿಯಲ್ಲಿ ಸಬ್‌ವೇ ಟೈಲ್ ಅಂತ ಕೇಳಿದರೆ ಅದನ್ನೇ ತೋರಿಸುತ್ತಾರೆ. ನೂರು ವರ್ಷ ದಾಟಿದರೂ ಹಳೇದು ಅನ್ನಿಸಿಲ್ಲ. ಅಷ್ಟು ದೂರ ಯಾಕೆ, ಮೂಡಿಗೆರೆ ಕಡೆ ಒಂದು ತೋಟದ ಮನೆಗೆ ಪೈಪ್ ಬದಲಾಯಿಸಲು ಕರೆದಿದ್ದರು. ತುಕ್ಕು ಹಿಡಿದ ಕಬ್ಬಿಣದ ಪೈಪು, ಅದಷ್ಟೇ ತೊಂದರೆ. ಬಚ್ಚಲುಮನೆ ನೋಡಿ ನಿಂತೇಬಿಟ್ಟೆ. ನೆಲಕ್ಕೆ ಕೆಂಪು ರೆಡ್ ಆಕ್ಸೈಡ್, ಕಾಲು ಸವೆದು ಸವೆದು ಹೊಳಪು ಬಂದಿದೆ. ಗೋಡೆಗೆ ಎದೆಮಟ್ಟ 6 ಇಂಚಿನ ಬಿಳಿ ಟೈಲ್, ಮೇಲೆ ಸುಣ್ಣ. ಮೂಲೆಯಲ್ಲಿ ತಾಮ್ರದ ಹಂಡೆ. ಎತ್ತರದ ಕಿಟಕಿಯಿಂದ ಬೆಳಗಿನ ಬಿಸಿಲು ಸೀದಾ ನೆಲಕ್ಕೆ ಬೀಳುತ್ತಿತ್ತು. ಮನೆಯ ಯಜಮಾನರು, "ನಮ್ಮಪ್ಪ ಕಟ್ಟಿಸಿದ್ದು, ಹಾಗೇ ಇದೆ" ಅಂದರು. ಅಲ್ಲಿ ಆಸ್ಪತ್ರೆಯ ನೆನಪು ಯಾರಿಗೂ ಬರುವುದಿಲ್ಲ. ಆ ಚೆಂದ ಬರುವುದು ಬೆಳಕಿನಿಂದ, ನೆಲದ ಬಣ್ಣದಿಂದ. ಆದರೆ ಒಂದು ಎಚ್ಚರಿಕೆ: ರೆಡ್ ಆಕ್ಸೈಡ್ ಉಜ್ಜಲು ಕೈ ಪಳಗಿದ ಗಾರೆಯವರು ಬೇಕು. ಅಂಥವರು ಸಿಗದಿದ್ದರೆ ಅದರ ಆಸೆಗೆ ಹೋಗಬೇಡಿ, ಬಿರುಕು ಬಿಡುತ್ತದೆ.

ಕಮೋಡು, ಬೇಸಿನ್ ಬಿಳಿಯದೇ ಇರಲಿ. ಬಣ್ಣದ್ದು ಒಂದು ಒಡೆದರೆ ಜೋಡಿ ಸಿಗುವುದಿಲ್ಲ, ಅಷ್ಟೇ ಕಾರಣ.

ಇನ್ನೊಂದು ವಿಷಯ. ಬಾತ್‌ರೂಮ್ ಬೇಗ ಹಳೇದಾಗಿ ಕಾಣುವುದಕ್ಕೆ ಡಿಸೈನ್‌ಗಿಂತ ನೀರು ಜಾಸ್ತಿ ಕಾರಣ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹಾಸನ ಟೌನಿಗೆ ಹೇಮಾವತಿ ನೀರು ಬರುತ್ತದೆ, ಚಿಕ್ಕಮಗಳೂರಿಗೆ ಯಗಚಿ ನೀರು. ಆದರೆ ಹೊಸ ಬಡಾವಣೆಗಳಲ್ಲಿ, ಅರಸೀಕೆರೆ, ಕಡೂರು ಕಡೆ ಬೋರ್ ನೀರನ್ನೇ ನಂಬಿದ ಮನೆಗಳು ಬಹಳ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಬೋರ್‌ನಿಂದ ಬೋರ್‌ಗೆ ನೀರು ಬೇರೆ. ಪಕ್ಕದ ಮನೆಯವರ ಮಾತು ಕೇಳಿ ತೀರ್ಮಾನ ಮಾಡಬೇಡಿ, ನಿಮ್ಮ ನೀರನ್ನೇ ಟೆಸ್ಟ್ ಮಾಡಿಸಿ.

ಗಡಸು ನೀರಿನ ಹನಿ ಒಣಗಿದ ಕಡೆ ಬಿಳಿ ಕಲೆ ಉಳಿಯುತ್ತದೆ. ಬಿಳಿ ಟೈಲ್ ಮೇಲೆ ಅದು ಅಷ್ಟಾಗಿ ಕಾಣುವುದಿಲ್ಲ. ಕಪ್ಪು ನಲ್ಲಿ, ಕಪ್ಪು ಟೈಲ್ ಮೇಲೆ ಆರು ತಿಂಗಳಿಗೇ ಬೂದಿ ಬಳಿದ ಹಾಗೆ ಕಾಣುತ್ತದೆ. ರೆಸಾರ್ಟಿನಲ್ಲಿ ಕಪ್ಪು ಬಾತ್‌ರೂಮ್ ನೋಡಿ ಫೋಟೊ ತಂದು ತೋರಿಸುತ್ತಾರೆ. ಅಲ್ಲಿ ಗೆಸ್ಟ್ ಹೋದ ಮೇಲೆ ಪ್ರತಿಸಲ ಒಬ್ಬರು ಬಟ್ಟೆ ಹಿಡಿದು ಒರೆಸುತ್ತಾರೆ. ನಿಮ್ಮ ಮನೆಯಲ್ಲಿ ಒರೆಸುವವರು ಯಾರು? ಸಾಮಾನ್ಯವಾಗಿ ಒಬ್ಬ ಹೆಣ್ಣುಮಗಳು, ಅದೂ ಎಲ್ಲ ಕೆಲಸ ಮುಗಿದ ಮೇಲೆ. ಈ ಪ್ರಶ್ನೆಯನ್ನು ನಾನು ಗಂಡಸರ ಎದುರಿಗೇ ಕೇಳುತ್ತೇನೆ.

ಕಲೆ ಹೋಗಲಿ ಅಂತ ಆಸಿಡ್ ಹಾಕುತ್ತಾರೆ. ಆಸಿಡ್ ಟೈಲಿಗಿಂತ ಮೊದಲು ತಿನ್ನುವುದು ಸಿಮೆಂಟ್ ಜಾಯಿಂಟನ್ನು. ಜಾಯಿಂಟ್ ಗುಳಿ ಬೀಳುತ್ತದೆ, ಅಲ್ಲಿ ನೀರು ನಿಲ್ಲುತ್ತದೆ, ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ಅದು ಕಪ್ಪಗಾಗುತ್ತದೆ. ಆಗ ನಮಗೆ ಕರೆ ಬರುತ್ತದೆ, "ಟೈಲ್ಸ್ ಹಳೇದಾಗಿದೆ, ಬದಲಾಯಿಸಬೇಕು." ಟೈಲ್ ಗಟ್ಟಿಮುಟ್ಟಾಗಿರುತ್ತದೆ, ಹಾಳಾಗಿರುವುದು ಜಾಯಿಂಟ್ ಮಾತ್ರ. ಎಷ್ಟೋ ಮನೆಯಲ್ಲಿ ಜಾಯಿಂಟ್ ಕೆರೆದು ಎಪಾಕ್ಸಿ (ಸಿಮೆಂಟಿನ ಬದಲು ಸಂದಿಗೆ ತುಂಬುವ ಗಟ್ಟಿ ರಾಳ) ತುಂಬಿಸಿ ವಾಪಸ್ ಬಂದಿದ್ದೇನೆ. ಎಪಾಕ್ಸಿಗೆ ದುಡ್ಡು ಜಾಸ್ತಿ, ತುಂಬುವವನ ಕೈ ಚುರುಕಾಗಿರಬೇಕು. ಆದರೂ ಶವರ್ ಜಾಗಕ್ಕಾದರೂ ಅದನ್ನೇ ಹಾಕಿ. ಬಣ್ಣ ತಿಳಿ ಬೂದು ಇರಲಿ. ಅಚ್ಚ ಬಿಳಿ ಬೇಡ.

ನೆಲಕ್ಕೆ 4 ಅಡಿ ಉದ್ದ, 2 ಅಡಿ ಅಗಲದ ದೊಡ್ಡ ಟೈಲ್ ಕೇಳುವವರು ಈಗ ಹೆಚ್ಚು. ಗೋಡೆಗೆ ಹಾಕಿ, ಸಂತೋಷ. ನೆಲಕ್ಕೆ ಬೇಡ. ನೀರು ಸೀದಾ ಟ್ರ್ಯಾಪಿಗೆ, ಅಂದರೆ ನೀರು ಹೊರಹೋಗುವ ಕಿಂಡಿಗೆ, ಹೋಗಬೇಕಾದರೆ 10 ಅಡಿಗೆ ಒಂದೂವರೆ ಇಂಚಿನಷ್ಟಾದರೂ ವಾಟ (ಇಳಿಜಾರು) ಬೇಕು, ಅದೂ ನಾಲ್ಕೂ ಕಡೆಯಿಂದ. ದೊಡ್ಡ ಟೈಲನ್ನು ಹಾಗೆ ಬಗ್ಗಿಸಲಾಗುವುದಿಲ್ಲ. ಒಂದಡಿ ಚೌಕದ, ಹೊಳಪಿಲ್ಲದ ವಿಟ್ರಿಫೈಡ್ (ಗಾಜಿನಷ್ಟು ಬಿಗಿಯಾಗಿ ಸುಟ್ಟ) ಟೈಲ್ ಸಾಕು. ಅದು ಹೀರುವ ನೀರು ತನ್ನ ತೂಕದ 0.5%ಗಿಂತ ಕಡಿಮೆ. ಗೋಡೆಯ ಸೆರಾಮಿಕ್ ಟೈಲ್ 10%ಗಿಂತ ಜಾಸ್ತಿ ಹೀರುತ್ತದೆ, ಅದನ್ನು ನೆಲಕ್ಕೆ ಹಾಕಬಾರದು. ವಯಸ್ಸಾದವರು ಇರುವ ಮನೆಯಲ್ಲಿ ಜಾರದ ಟೈಲ್ ಅಂತ ಕೇಳಿ ತೆಗೆದುಕೊಳ್ಳಿ, ಡಬ್ಬದ ಮೇಲೆ ಜಾರದಿರುವ ಗುಣ ತೋರಿಸುವ ಆರ್10 ಅಥವಾ ಅದಕ್ಕಿಂತ ಮೇಲಿನ ನಂಬರ್ ಇರಲಿ.

ಎರಡು ಬಾಕ್ಸ್ ಜಾಸ್ತಿ ತನ್ನಿ. ಅಂಗಡಿಯವರು ಮಾರಾಟಕ್ಕೆ ಹೇಳುತ್ತಾರೆ ಅಂದುಕೊಳ್ಳಬೇಡಿ, ನಾನು ಹೇಳುತ್ತಿದ್ದೇನೆ. ಬಾಕ್ಸ್ ಮೇಲೆ ಶೇಡ್ ನಂಬರ್, ಬ್ಯಾಚ್ ನಂಬರ್ ಇರುತ್ತದೆ. ಅದೇ ಹೆಸರಿನ ಟೈಲ್ ಆದರೂ ಬ್ಯಾಚ್ ಬದಲಾದರೆ ಬಣ್ಣ ಒಂದು ಎಳೆ ಬೇರೆಯಾಗಬಹುದು. ಬಾಕ್ಸ್ ಸಮೇತ ಅಟ್ಟದ ಮೇಲೆ ಇಟ್ಟುಬಿಡಿ. ವಿದ್ಯಾನಗರದ ಆ ಮನೆಯ ಅಟ್ಟದಲ್ಲಿ ಎರಡು ಬಾಕ್ಸ್ ಇದ್ದಿದ್ದರೆ ಡಾಲ್ಫಿನ್ ಇವತ್ತೂ ಗೋಡೆಯ ಮೇಲೆ ಇರುತ್ತಿತ್ತು. ಆ ತಾಯಿಗೆ ಬೇಕಾಗಿದ್ದದ್ದೂ ಅಷ್ಟೇ.

ಈ ಶನಿವಾರ ಕಡೂರಿನಿಂದ ಒಂದು ಕುಟುಂಬ ಟೈಲ್ ಆರಿಸಲು ಬರುತ್ತಿದೆ. ಬರುವಾಗ ಮನೆಯ ಬೋರ್ ನೀರು ಒಂದು ಬಾಟಲಿ ತನ್ನಿ ಅಂದಿದ್ದೇನೆ. ಅವರಿಗೆ ಇಷ್ಟವಾದ ಟೈಲ್‌ನ ಸ್ಯಾಂಪಲ್ ಮೇಲೆ ಆ ನೀರು ಚಿಮುಕಿಸಿ, ಒರೆಸದೆ ಒಣಗಲು ಬಿಡುತ್ತೇವೆ. ಸ್ಯಾಂಪಲ್ ಮನೆಗೆ ಕೊಟ್ಟು ಕಳಿಸುತ್ತೇನೆ, ಒಂದು ವಾರ ಹೀಗೇ ದಿನಕ್ಕೆರಡು ಸಲ ಮಾಡಿ ಅಂತ. ಆಮೇಲೆ ಆರ್ಡರ್ ಕೊಡಲಿ.